ಆಯಿಲ್ ಪ್ರೆಶರ್ ಮುಳ್ಳು ಕುಣಿಯುತ್ತಿದ್ದರೆ ತಪ್ಪು ಎಂಜಿನ್ನಿನದೋ, ವೈರಿನದೋ?

ಹಳೇ ಕಾರಿನ ಆಯಿಲ್ ಪ್ರೆಶರ್ ಮೀಟರ್ ಹುಚ್ಚುಹುಚ್ಚಾಗಿ ಆಡತೊಡಗಿದರೆ ಕೆಲವರು ಎಂಜಿನ್ನೇ ಹೋಯ್ತು ಅಂತ ಗಾಬರಿಯಾಗುತ್ತಾರೆ. ಇನ್ನು ಕೆಲವರು 'ಹಳೇ ಮೀಟರ್ ಅಲ್ವಾ, ಹಾಗೇ ಬಿಡಿ' ಅಂತ ಸುಮ್ಮನಾಗುತ್ತಾರೆ. ಎರಡೂ ಆತುರದ ತೀರ್ಪು. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಳ್ಳು ಯಾವುದರ ತಾಳಕ್ಕೆ ಕುಣಿಯುತ್ತಿದೆ? ಎಂಜಿನ್ ವೇಗಕ್ಕೋ, ಬಿಸಿಗೋ, ರಸ್ತೆಯ ಗುಂಡಿಗೋ, ಇಂಡಿಕೇಟರಿಗೋ? ಇದಕ್ಕೆ ಉತ್ತರ ಸಿಕ್ಕರೆ ಸ್ಪ್ಯಾನರ್ ಎಲ್ಲಿಗೆ ಹಾಕಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ಓದುವ ಮೊದಲು ಒಂದು ಎಚ್ಚರಿಕೆ. ಗಾಡಿ ಓಡುತ್ತಿರುವಾಗ ಮುಳ್ಳು ಸೊನ್ನೆಗೆ ಬಿದ್ದು ಅಲ್ಲೇ ನಿಂತರೆ, ಅಥವಾ ಆಯಿಲಿನ ಕೆಂಪು ದೀಪ ಹತ್ತಿದರೆ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ವೈರ್ ಸಡಿಲ ಇರಬಹುದು ಅನ್ನುವ ಯೋಚನೆ ಆಮೇಲೆ. ನಿಜವಾಗಿಯೂ ಪ್ರೆಶರ್ ಹೋಗಿದ್ದರೆ ಬೇರಿಂಗ್ ಹಾಳಾಗಲು ತುಂಬಾ ಹೊತ್ತು ಬೇಕಿಲ್ಲ.

ಪ್ರೆಶರ್ ಹುಟ್ಟುವುದು ಹೇಗೆ

ಆಯಿಲ್ ಪಂಪ್ ಮಾಡುವ ಕೆಲಸ ಆಯಿಲನ್ನು ತಳ್ಳುವುದು, ಅಷ್ಟೇ. ತಳ್ಳಿದ ಆಯಿಲ್ ಬೇರಿಂಗ್‌ಗಳ ಕೂದಲೆಳೆಯಂಥ ಸಂದಿಗಳಲ್ಲಿ ನುಸುಳಿ ಹೊರಬರಬೇಕು. ಆ ತಡೆಯಿಂದ ಪ್ರೆಶರ್ ಏಳುತ್ತದೆ. ಎಂಜಿನ್ ಜೋರಾಗಿ ತಿರುಗಿದರೆ ಪಂಪ್ ಜಾಸ್ತಿ ತಳ್ಳುತ್ತದೆ, ಪ್ರೆಶರ್ ಏರುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದರೆ ಸಲೀಸಾಗಿ ಜಾರಿಹೋಗುತ್ತದೆ, ಪ್ರೆಶರ್ ಇಳಿಯುತ್ತದೆ. ಬೇರಿಂಗ್ ಸವೆದು ಸಂದಿ ದೊಡ್ಡದಾದರೂ ಇಳಿಯುತ್ತದೆ. ತೀರಾ ಮೇಲೆ ಹೋಗದಂತೆ ರಿಲೀಫ್ ವಾಲ್ವ್ ತಡೆಯುತ್ತದೆ. ಒಂದು ಮಿತಿ ದಾಟಿದರೆ ಅದರ ಸ್ಪ್ರಿಂಗ್ ಹಿಂದಕ್ಕೆ ಸರಿದು, ಹೆಚ್ಚಾದ ಆಯಿಲನ್ನು ಸಂಪ್‌ಗೋ (ಎಂಜಿನ್ ತಳದ ಆಯಿಲ್ ತೊಟ್ಟಿ) ಪಂಪಿನ ಒಳದಾರಿಗೋ ಬಿಡುತ್ತದೆ.

ಹಾಗಾಗಿ ಬೆಳಿಗ್ಗೆ ತಣ್ಣಗಿರುವಾಗ 4 ಬಾರ್ (ಬಾರ್ ಅಂದರೆ ಪ್ರೆಶರಿನ ಅಳತೆ) ತೋರಿಸಿದ ಮೀಟರ್, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, 1 ಬಾರ್ ತೋರಿಸಿದರೆ ಗಾಬರಿ ಬೇಡ. ಬಿಸಿ ಎಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಇದ್ದರೆ ಸಾಕು ಅನ್ನುವ ಹಳೇ ಲೆಕ್ಕ ಒಂದಿದೆ. ಬರೀ ಅಂದಾಜಿಗೆ ಅದು ಸರಿ. ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ನಂಬಿ.

ಆಯಿಲಿನ ಕೈಲಾಗದ ಕುಣಿತ

ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿದೆ, ಮುಳ್ಳು 1 ಬಾರ್‌ನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಮೀಟರಿನ ಕೊನೆಗೆ ಹೋಗಿ ಬಡಿಯಿತು ಅಂದುಕೊಳ್ಳಿ. ಆಯಿಲ್ ಹಾಗೆ ಮಾಡಲಾರದು. ವೇಗ ಏರಿಲ್ಲ, ಆಯಿಲ್ ದಿಢೀರನೆ ಗಟ್ಟಿಯಾಗಿಲ್ಲ, ಇನ್ನು ಪ್ರೆಶರ್ ಎಲ್ಲಿಂದ ಬರಬೇಕು? ಅದು ವೈರಿನ ಆಟ. ಆದರೆ ಕೆಳಕ್ಕೆ ಬೀಳುವ ಮಾತೇ ಬೇರೆ. ಸಂಪ್‌ನಲ್ಲಿ ಆಯಿಲ್ ಕಡಿಮೆ ಇದ್ದು, ತಿರುವಿನಲ್ಲಿ ಎಲ್ಲಾ ಒಂದು ಬದಿಗೆ ಹರಿದರೆ ಪಂಪಿನ ಹೀರುಕೊಳವೆ ಗಾಳಿ ಎಳೆಯುತ್ತದೆ, ಪ್ರೆಶರ್ ನಿಜವಾಗಿಯೂ ಧೊಪ್ಪನೆ ಬೀಳುತ್ತದೆ. ಆದ್ದರಿಂದ ಮೇಲಕ್ಕೆ ಜಿಗಿದರೆ ಧೈರ್ಯವಾಗಿ ವೈರ್ ಹುಡುಕಿ. ಕೆಳಕ್ಕೆ ಬಿದ್ದರೆ, ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ.

ಡಿಪ್‌ಸ್ಟಿಕ್ ನೋಡುವಾಗ ಮಟ್ಟ ಕಡಿಮೆ ಇದೆಯಾ ಅಂತ ಮಾತ್ರ ನೋಡಿದರೆ ಸಾಲದು. ಗುರುತಿಗಿಂತ ತುಂಬಾ ಮೇಲಿದ್ದರೂ ತೊಂದರೆ. ತಿರುಗುವ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ಹೀರಿದ ಪಂಪಿನಿಂದ ಸ್ಥಿರ ಪ್ರೆಶರ್ ಬರುವುದಿಲ್ಲ. ನೀವು ಹಾಕದೆಯೇ ಮಟ್ಟ ಏರಿದ್ದರೆ ಮೂಸಿ ನೋಡಿ. ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಅಥವಾ ತುಂಬಿ ಹರಿಯುವ ಕಾರ್ಬ್ಯುರೇಟರ್ ಪೆಟ್ರೋಲನ್ನು ಸಂಪ್‌ಗೆ ಇಳಿಸುವುದುಂಟು. ಪೆಟ್ರೋಲ್ ಬೆರೆತ ಆಯಿಲ್ ನೀರಿನಂತೆ ತೆಳು, ಪ್ರೆಶರ್ ನಿಲ್ಲುವುದಿಲ್ಲ.

ನಿಮ್ಮ ಮೀಟರ್ ಯಾವ ಜಾತಿ?

ಪರೀಕ್ಷೆ ಶುರು ಮಾಡುವ ಮುಂಚೆ ಇದು ಗೊತ್ತಿರಬೇಕು. ಮೆಕ್ಯಾನಿಕಲ್ ಮೀಟರಿನಲ್ಲಿ ಎಂಜಿನ್ನಿನಿಂದ ಸಣ್ಣ ಪೈಪ್ ಡ್ಯಾಶ್‌ಬೋರ್ಡ್ ತನಕ ಬರುತ್ತದೆ. ಒಳಗೆ ಬಾಗಿದ ಕೊಳವೆಯೊಂದು ಪ್ರೆಶರ್ ಏರಿದಂತೆ ನೆಟ್ಟಗಾಗಲು ನೋಡಿ ಮುಳ್ಳನ್ನು ಎಳೆಯುತ್ತದೆ. ಫ್ರಾನ್ಸಿನ ಯುಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಇಂಥ ಮೀಟರಿನ ಮುಳ್ಳು ಸಣ್ಣಗೆ ನಡುಗಿದರೆ ಪಂಪಿನ ಮಿಡಿತ ಇರಬಹುದು. ಪೈಪನ್ನು ಮಾತ್ರ ಪೂರ್ತಿ ಬೆರಳಾಡಿಸಿ ನೋಡಿ. ಅದು ಒಡೆದರೆ ಬಿಸಿ ಆಯಿಲ್ ಕಾಲ ಮೇಲೆ.

ಉಳಿದವು ಎಲೆಕ್ಟ್ರಿಕ್. ಎಂಜಿನ್ ಬ್ಲಾಕ್‌ಗೆ ತಿರುಗಿಸಿದ ಸೆಂಡರ್ ಒಳಗೆ ಒಂದು ಡಯಾಫ್ರಮ್, ಅದು ತಳ್ಳುವ ಒಂದು ಕೈ, ಆ ಕೈ ಉಜ್ಜುವ ರೆಸಿಸ್ಟೆನ್ಸ್ ಪಟ್ಟಿ. ಮೀಟರ್ ಅಳೆಯುವುದು ಈ ರೆಸಿಸ್ಟೆನ್ಸಿನ ಓಮ್‌ಗಳನ್ನು, ಪ್ರೆಶರನ್ನಲ್ಲ. ಈ ಮಾತು ಗಟ್ಟಿಯಾಗಿ ನೆನಪಿಡಿ.

ಇನ್ನೊಂದು ಜಾತಿ ಮೀಟರಿನ ವೇಷದ ದೀಪ. ಕೆಲವು ಕಾರುಗಳಲ್ಲಿ ಸೆಂಡರ್ ಜಾಗದಲ್ಲಿ ಬರೀ ಆನ್-ಆಫ್ ಸ್ವಿಚ್ ಇರುತ್ತದೆ, ಪ್ರೆಶರ್ ಇದ್ದರೆ ಮುಳ್ಳು ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಸೊನ್ನೆ. ಮಜ್ದಾ ಮಿಯಾಟಾದಲ್ಲಿ ಮೊದಲು ನಿಜವಾದ ಸೆಂಡರ್ ಇತ್ತು, 1990ರ ದಶಕದ ನಡುವೆ ಹೀಗೆ ಬದಲಾಯಿಸಿದರು. ಇಂಥ ಮುಳ್ಳು ಎಂದೂ ಅಲ್ಲಾಡದೆ ನಿಂತಿದ್ದರೆ ಅದು ಎಂಜಿನ್ನಿನ ಆರೋಗ್ಯದ ಸಾಕ್ಷಿಯೇನಲ್ಲ.

ಒಂದೇ ಸಡಿಲ ವೈರ್, ಎರಡು ಉಲ್ಟಾ ಸುಳ್ಳು

ಕಲಿಯುವವರು ಜಾಸ್ತಿ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ. ಯುರೋಪಿನ ವಿಡಿಒ ಕಂಪನಿ ಮಾದರಿಯ ಸೆಂಡರ್ ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಪ್ರೆಶರಿನಲ್ಲಿ ಸುಮಾರು 180 ಓಮ್. ಅಮೆರಿಕದ ಮೀಟರ್‌ಗಳಲ್ಲಿ ಸಾಮಾನ್ಯವಾದ ಇನ್ನೊಂದು ಮಾದರಿ ಇದಕ್ಕೆ ಉಲ್ಟಾ: ಸೊನ್ನೆಗೆ 240, ಪೂರ್ತಿಗೆ 33. ಬೇರೆ ಅಳತೆಗಳೂ ಇವೆ, ಆದರೆ ದಿಕ್ಕು ಈ ಎರಡರಲ್ಲಿ ಯಾವುದಾದರೂ ಒಂದು.

ಈಗ ಸೆಂಡರ್ ವೈರ್ ಕಳಚಿತು ಅಂದುಕೊಳ್ಳಿ. ವೈರ್ ಇಲ್ಲ ಅಂದರೆ ಓಮ್ ಅನಂತ. ಮೊದಲ ಮಾದರಿಯ ಮುಳ್ಳು 'ಪ್ರೆಶರ್ ಫುಲ್' ಅನ್ನುತ್ತದೆ, ಎರಡನೆಯದು 'ಎಂಜಿನ್ ಸತ್ತಿತು' ಅನ್ನುತ್ತದೆ. ವೈರ್ ಸುಟ್ಟು ಬಾಡಿಗೆ ತಗುಲಿದರೆ ಇಬ್ಬರ ಹೇಳಿಕೆಯೂ ತಿರುಗುಮುರುಗು.

ಇದಕ್ಕಿಂತ ಕಪಟಿ ಅಂದರೆ ಕೆಟ್ಟ ಅರ್ಥ್, ಅಂದರೆ ಕರೆಂಟ್ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸಾಗುವ ದಾರಿ. 5 ಬಾರ್‌ನ ವಿಡಿಒ ಸೆಂಡರಿನಲ್ಲಿ ಒಂದು ಬಾರ್‌ಗೆ ಸುಮಾರು 34 ಓಮ್ ಏರುತ್ತದೆ. ತುಕ್ಕು ಹಿಡಿದ ಜಾಯಿಂಟ್ ಒಂದು 20 ಓಮ್ ಸೇರಿಸಿತು ಅಂದುಕೊಳ್ಳಿ. ಮೀಟರ್ ನಿಜವಾದ ಪ್ರೆಶರಿಗಿಂತ ಅರ್ಧ ಬಾರ್‌ಗೂ ತುಸು ಹೆಚ್ಚು ಮೇಲೆ ತೋರಿಸುತ್ತದೆ. ಬಿಸಿ ಐಡ್ಲಿಂಗ್‌ನಲ್ಲಿ ನಿಜವಾಗಿ ಅರ್ಧ ಬಾರ್ ಇರುವ ಎಂಜಿನ್ 1 ಬಾರ್ ಇದೆ ಅಂತ ನಂಬಿಸುತ್ತದೆ! ಅದೇ ತುಕ್ಕು 240-33 ಮಾದರಿಯಲ್ಲಿ ಪ್ರೆಶರನ್ನು ಕಡಿಮೆ ತೋರಿಸಿ ಸುಮ್ನೆ ಹೆದರಿಸುತ್ತದೆ. ಹೆದರಿಸುವ ಮೀಟರೇ ವಾಸಿ ಅಂತ ನನ್ನ ಅಭಿಪ್ರಾಯ.

ವೈರ್ ಕಡೆಯ ಪರೀಕ್ಷೆ

ಇಂಡಿಕೇಟರ್ ಹಾಕಿ. ಮುಳ್ಳು ಅದರ ಜೊತೆಗೇ ಟಕ್ ಟಕ್ ಅಂತ ಅಲ್ಲಾಡಿದರೆ, ಡ್ಯಾಶ್‌ಬೋರ್ಡ್ ಹಿಂದಿನ ಅರ್ಥ್ ಕೆಟ್ಟಿದೆ. ಹೆಡ್‌ಲೈಟ್ ಹಾಕಿದಾಗ ಎಲ್ಲಾ ಮೀಟರ್‌ಗಳೂ ಸರಿದರೂ ಅದೇ ದಾರಿ. ಆಯಿಲ್ ಜೊತೆಗೆ ಪೆಟ್ರೋಲ್, ಟೆಂಪರೇಚರ್ ಮುಳ್ಳುಗಳೂ ಒಟ್ಟಿಗೇ ಏರಿದರೆ ವೋಲ್ಟೇಜ್ ಸ್ಟೆಬಿಲೈಸರ್ ನೋಡಿ. ಹಳೇ ಬ್ರಿಟಿಷ್ ಕಾರುಗಳ ಸ್ಮಿತ್ಸ್ ಕಂಪನಿಯ ಮೀಟರ್‌ಗಳಿಗೆ ಅದು ಸರಾಸರಿ 10 ವೋಲ್ಟ್ ಕೊಡುತ್ತದೆ. ಒಳಗಿನ ಬಿಸಿಯಾಗುವ ಪಟ್ಟಿ ಬಾಗುತ್ತಾ ಕರೆಂಟನ್ನು ಕಡಿದು ಕೂಡಿಸುತ್ತಿರುತ್ತದೆ. ಆದ್ದರಿಂದ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಹಾರಾಡುವುದು ಕಂಡು ಅದೇ ದೋಷ ಅಂದುಕೊಳ್ಳಬೇಡಿ. ಅದರ ಡಬ್ಬಿಗೆ ಅರ್ಥ್ ಇಲ್ಲದಿದ್ದರೆ ಮಾತ್ರ ಪೂರ್ತಿ ಬ್ಯಾಟರಿ ವೋಲ್ಟೇಜ್ ಹೋಗುತ್ತದೆ.

ಈ ಮೀಟರ್‌ಗಳ ಮುಳ್ಳನ್ನು ಎಳೆಯುವುದೂ ಅಂಥದೇ ಬಿಸಿಯಾಗಿ ಬಾಗುವ ಪಟ್ಟಿ. ಇಂಥ ಬಿಸಿಪಟ್ಟಿ ಮೀಟರ್‌ಗಳು ಸೋಮಾರಿ. ಮುಳ್ಳು ಏಳಲು ಕೆಲವು ಸೆಕೆಂಡ್ ಬೇಕು. ಆದ್ದರಿಂದ ಕ್ಷಣಕಾಲದ ಪ್ರೆಶರ್ ಕುಸಿತವನ್ನು ಇವು ತೋರಿಸದೆಯೇ ನುಂಗಿಬಿಡಬಹುದು.

ಮುಂದೆ ಸೆಂಡರ್ ವೈರ್. ಇಗ್ನಿಷನ್ ಆನ್, ಎಂಜಿನ್ ಆಫ್. ವೈರ್ ಕಳಚಿ, ಮುಳ್ಳು ಒಂದು ಕೊನೆಗೆ ಹೋಗಬೇಕು. ಆಮೇಲೆ ಅದೇ ವೈರನ್ನು ಅರ್ಥ್‌ಗೆ ಮುಟ್ಟಿಸಿದರೆ ಇನ್ನೊಂದು ಕೊನೆಗೆ. ನೇರವಾಗಿ ಮುಟ್ಟಿಸುವ ಬದಲು, ಸೆಂಡರಿನ ಅತಿ ಕಡಿಮೆ ಓಮ್‌ಗೆ ಹತ್ತಿರದ ರೆಸಿಸ್ಟರ್ ಒಂದನ್ನು ನಡುವೆ ಹಿಡಿಯಿರಿ. ಬಿಸಿಪಟ್ಟಿ ಮೀಟರ್ ನೇರ ಅರ್ಥ್‌ಗೆ ಸುಟ್ಟುಹೋಗಬಹುದು. ಎರಡೂ ಕೊನೆ ಸರಿಯಾಗಿ ಮುಟ್ಟಿದರೆ ಮೀಟರ್ ಮತ್ತು ವೈರ್ ಬಹುಪಾಲು ನಿರಪರಾಧಿ. ಹಾಗೇ ಹಿಡಿದುಕೊಂಡು ವೈರನ್ನು ಉದ್ದಕ್ಕೂ ಅಲ್ಲಾಡಿಸಿ, ಮುಖ್ಯವಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಮತ್ತು ಫೈರ್‌ವಾಲ್ ತೂತಿನಲ್ಲಿ. ಸೆಂಡರಿನಲ್ಲಿ ಎರಡು ಟರ್ಮಿನಲ್ ಇದ್ದರೆ ಮೀಟರಿಗೆ ಜಿ ಗುರುತಿನದು. ಡಬ್ಲ್ಯೂಕೆ ಗುರುತಿನದು ಕೆಂಪು ದೀಪಕ್ಕೆ. ಅದಲುಬದಲಾದರೆ ಬೇರೇನೇ ನಾಟಕ ನಡೆಯುತ್ತದೆ.

ಎಂಜಿನ್ ಅರ್ಥ್ ಪಟ್ಟಿಯನ್ನು ಮರೆಯಬೇಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಸೆಂಡರಿನ ಮೈಮೇಲೆ, ಇನ್ನೊಂದು ಬ್ಯಾಟರಿ ಮೈನಸ್ ಮೇಲೆ. ಎಂಜಿನ್ ಓಡುತ್ತಿರುವಾಗ 0.1 ವೋಲ್ಟ್ ಒಳಗೆ ಇರಬೇಕು. ಜಾಸ್ತಿ ಬಂದರೆ ಪಟ್ಟಿ ತುಕ್ಕು ಹಿಡಿದಿದೆ. ಈ ಪಟ್ಟಿ ಪೂರ್ತಿ ತುಂಡಾದ ಕಾರುಗಳಲ್ಲಿ ಸ್ಟಾರ್ಟರಿನ ಕರೆಂಟ್ ಚೋಕ್ ಕೇಬಲ್ ಮೂಲಕ ಹರಿದು ಅದನ್ನೇ ಬಿಸಿಮಾಡುವುದುಂಟು.

ಸೆಂಡರ್

ಹಳೇ ರೇಡಿಯೋದ ವಾಲ್ಯೂಮ್ ಗುಂಡಿ ಒಂದು ಜಾಗದಲ್ಲಿ ಕರಕರ ಅನ್ನುತ್ತದಲ್ಲ, ಸೆಂಡರಿನ ಪಟ್ಟಿಯೂ ಹಾಗೇ ಸವೆಯುತ್ತದೆ. ಕೈ ಯಾವಾಗಲೂ ಉಜ್ಜುವುದು ಸಾಮಾನ್ಯ ಓಟದ ಪ್ರೆಶರ್ ಇರುವ ಜಾಗದಲ್ಲಿ. ಅಲ್ಲೇ ಸವೆತ ಜಾಸ್ತಿ. ಆದ್ದರಿಂದ ಮುಳ್ಳು ಪ್ರತಿಸಲ ಒಂದೇ ಸಂಖ್ಯೆ ದಾಟುವಾಗ ಜಿಗಿದು, ಮುಂದೆ ಮತ್ತೆ ನಯವಾಗಿ ಹೋದರೆ, ಸೆಂಡರ್ ಮೇಲೆ ಬಲವಾದ ಅನುಮಾನ. ವೈರ್ ಕಳಚಿ ಓಮ್ ಅಳೆಯುತ್ತಾ ಯಾರಿಂದಾದರೂ ನಿಧಾನಕ್ಕೆ ರೇಸ್ ಮಾಡಿಸಿ. ಸಂಖ್ಯೆ ಜಿಗಿಯದೆ ಸಾಗಬೇಕು. ಕನೆಕ್ಟರ್ ಒಳಗೆ ಆಯಿಲ್ ಒಸರಿದ್ದರೆ ಡಯಾಫ್ರಮ್ ಹರಿದಿದೆ, ಅಳೆಯುವುದೇ ಬೇಡ.

ಹೊಸದು ಹಾಕುವಾಗ ಓಮ್ ಮಾದರಿ ಮೀಟರಿಗೆ ಹೊಂದಬೇಕು. ಥ್ರೆಡ್ ಕೂಡ. ಬ್ರಿಟಿಷ್ ಅಳತೆಯ 1/8 ಬಿಎಸ್‌ಪಿ ಥ್ರೆಡ್‌ಗೆ ಇಂಚಿಗೆ 28 ಹಲ್ಲು, ಅಮೆರಿಕದ ಅಳತೆಯ 1/8 ಎನ್‌ಪಿಟಿಗೆ 27. ಎರಡೂ ಒಂದರೊಳಗೊಂದು ಒಂದೆರಡು ಸುತ್ತು ಹೋಗುತ್ತವೆ, ಆಮೇಲೆ ಬ್ಲಾಕ್‌ನ ಹಲ್ಲು ಕಿತ್ತು ಬರುತ್ತದೆ. ಒಂದೇ ವೈರಿನ ಸೆಂಡರಿಗೆ ಅರ್ಥ್ ಸಿಗುವುದು ಥ್ರೆಡ್ ಮೂಲಕ. ಸೋರಿಕೆ ತಡೆಯುವ ಬಿಳಿ ಟೇಪನ್ನು ಥ್ರೆಡ್‌ಗೆ ದಪ್ಪಗೆ ಸುತ್ತಿದರೆ ಆ ಅರ್ಥ್ ಹೋಗಬಹುದು.

ಇಷ್ಟಾದರೂ ಮುಳ್ಳು ಸರಿಹೋಗದಿದ್ದರೆ

ಈಗ ಸೆಂಡರ್ ತೆಗೆದು, ಆ ಜಾಗದಲ್ಲಿ ನಂಬಿಕಸ್ತ ಮೆಕ್ಯಾನಿಕಲ್ ಟೆಸ್ಟ್ ಗೇಜ್ ಹಾಕಿ. ತಣ್ಣಗೆ, ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, 2000 ಮತ್ತು 3000 ಆರ್‌ಪಿಎಂನಲ್ಲಿ ಬರೆದುಕೊಳ್ಳಿ. ಇದು ಸರಿಯಿದ್ದರೆ ಎಂಜಿನ್ ಸರಿ, ಮತ್ತೆ ವೈರ್ ಕಡೆಗೇ ಹೋಗಬೇಕು. ಸೆಂಡರ್ ಮೇಲೆ ಸೆಂಡರ್ ಬದಲಿಸುವ ಮೊದಲೇ ಈ ಪರೀಕ್ಷೆ ಮಾಡಿದರೂ ತಪ್ಪಿಲ್ಲ.

ಟೆಸ್ಟ್ ಗೇಜ್ ಕೂಡ ಕುಣಿದರೆ, ಕುಣಿತದ ರೀತಿಯೇ ಜಾಡು ಹೇಳುತ್ತದೆ. ಐಡ್ಲಿಂಗ್‌ನಲ್ಲಿ ಸರಿ ಇದ್ದು ಜೋರು ಮಾಡಿದಾಗ ಬೀಳುತ್ತಿದ್ದರೆ, ಹೀರುಕೊಳವೆಯ ಜಾಲರಿ ಕಸದಿಂದ ಕಟ್ಟಿಕೊಂಡಿರಬಹುದು. ಎಲ್ಲಾ ವೇಗದಲ್ಲೂ ನಡುಗುತ್ತಿದ್ದರೆ ಆ ಕೊಳವೆಯ ಸೀಲ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು. ಒಮ್ಮೊಮ್ಮೆ ಬಿದ್ದು, ಮತ್ತೊಮ್ಮೆ ಸ್ಟಾರ್ಟ್ ಮಾಡಿದಾಗ ಏನೂ ಆಗದಂತೆ ಸರಿಯಾದರೆ, ರಿಲೀಫ್ ವಾಲ್ವ್ ಕಸ ಕಚ್ಚಿಕೊಂಡು ತೆರೆದೇ ನಿಲ್ಲುತ್ತಿದೆ. ಹಲವು ಎಂಜಿನ್‌ಗಳಲ್ಲಿ ಅದನ್ನು ಹೊರಗಿನಿಂದಲೇ ಬಿಚ್ಚಿ ತೊಳೆಯಬಹುದು. ಸ್ಟಾರ್ಟ್ ಮಾಡಿದಾಗ ಮಾತ್ರ ಮುಳ್ಳು ತಡವಾಗಿ ಏಳುತ್ತಿದ್ದರೆ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಇಲ್ಲದ ಫಿಲ್ಟರ್ ಹಾಕಿದ್ದಾರಾ ನೋಡಿ.

ಕುಣಿತವೇ ಇಲ್ಲ, ತಣ್ಣಗಿದ್ದಾಗ ಚೆನ್ನ, ಬಿಸಿಯಾದಂತೆ ಒಂದೇ ಸಮ ಇಳಿದು ಐಡ್ಲಿಂಗ್‌ನಲ್ಲಿ ನೆಲ ಹಿಡಿಯುತ್ತದೆ ಅಂದರೆ ಸವೆತದ ಮಾತು. ದಪ್ಪ ಆಯಿಲ್ ಹಾಕಿ ಮುಳ್ಳನ್ನು ಎತ್ತಿಬಿಡುವುದು ಸುಲಭ, ಆದರೆ ಸಂದಿ ಸಂದಿಯಾಗೇ ಉಳಿಯುತ್ತದೆ. ಸಂಪ್ ಇಳಿಸಿ ಪಂಪನ್ನೂ, ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವಲ್ಲಿರುವ ಬಿಗ್ ಎಂಡ್ ಬೇರಿಂಗ್ ಷೆಲ್‌ಗಳನ್ನೂ ನೋಡಬೇಕು. ಷೆಲ್‌ನ ಬೂದು ಪದರ ಸವೆದು ತಾಮ್ರದ ಬಣ್ಣ ಕಂಡರೆ ಅದರ ಆಯುಸ್ಸು ಮುಗಿದಿದೆ. ಆಗಲೂ ಹೊಸ ಷೆಲ್ ತರುವ ಮೊದಲು ಕ್ರ್ಯಾಂಕಿನ ಜರ್ನಲನ್ನು (ಷೆಲ್ ಒಳಗೆ ತಿರುಗುವ ಭಾಗ) ಮೈಕ್ರೋಮೀಟರಿನಿಂದ ಎರಡು ದಿಕ್ಕಿನಲ್ಲಿ ಅಳೆಯಿರಿ. ಅದು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬರೀ ಷೆಲ್ ಬದಲಿಸಿ ಪ್ರಯೋಜನ ಇಲ್ಲ, ಕ್ರ್ಯಾಂಕನ್ನು ಗ್ರೈಂಡಿಂಗ್‌ಗೆ ಕೊಟ್ಟು ಅದಕ್ಕೆ ತಕ್ಕ ಅಂಡರ್‌ಸೈಜ್ ಷೆಲ್ ಹಾಕಬೇಕು.