ಹೌಸ್ ಪಾಯಿಂಟು ಯಾರ ಲೆಕ್ಕಕ್ಕೆ?

ಶಾಲೆಯ ಮಕ್ಕಳನ್ನು ‘ಹೌಸ್’ ಅನ್ನೋ ಗುಂಪುಗಳಾಗಿ ಹಂಚಿ, ಆಟ-ಓದಿನಲ್ಲಿ ಅವರು ಗಳಿಸಿದ ಪಾಯಿಂಟನ್ನು ಗುಂಪಿನ ಲೆಕ್ಕಕ್ಕೆ ಹಾಕುತ್ತೇವಲ್ಲ, ಆ ಹೌಸ್ ಪದ್ಧತಿ ಶುರುವಾದದ್ದು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳಲ್ಲಿ. ಅಲ್ಲಿ ಮಕ್ಕಳು ನಿಜವಾಗಿಯೂ ಬೇರೆ ಬೇರೆ ಮನೆಗಳಲ್ಲಿ ಉಳಿಯುತ್ತಿದ್ದರು. ನಮ್ಮಲ್ಲಿ ಅದಕ್ಕೆ ಹತ್ತಿರ ಇರುವುದು ನವೋದಯ ಶಾಲೆಗಳು. ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ ಒಂದಿದೆಯಲ್ಲ, ಅಂಥವು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಹೌಸ್‌ಗಳು. ಮಕ್ಕಳ ಹಾಸ್ಟೆಲ್ ಜೀವನವೇ ಅದರ ಲೆಕ್ಕದಲ್ಲಿ ನಡೆಯುತ್ತದೆ.

ದಾವಣಗೆರೆ ಪೇಟೆಯ ಶಾಲೆಗಳ ಕಥೆ ಬೇರೆ. ಸಂಜೆ ಬೆಲ್ ಹೊಡೆದರೆ ಮಕ್ಕಳು ಆಟೋ ಹತ್ತಿ ಮನೆಗೆ ಹೋಗುತ್ತಾರೆ. ಇಲ್ಲಿ ಹೌಸ್ ಅನ್ನೋದು ಇರುವುದು ಪಾಯಿಂಟ್ ಬೋರ್ಡಿನಲ್ಲಿ ಮಾತ್ರ. ಹಾಗಾಗಿ ಪಾಯಿಂಟು ಯಾವುದಕ್ಕೆ ಕೊಡುತ್ತೀರಿ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ.

ಸಾಮಾನ್ಯವಾಗಿ ಏನು ಮಾಡುತ್ತೇವೆ? ಮೊದಲನೆಯವರಿಗೆ 5, ಎರಡನೆಯವರಿಗೆ 3, ಮೂರನೆಯವರಿಗೆ 1. ಒಂದು ಹೌಸ್‌ನಲ್ಲಿ 50 ಮಕ್ಕಳಿದ್ದರೆ ನಾಲ್ಕೈದು ಜನ ಓಡುತ್ತಾರೆ, ಅವರೇ ಹಾರುತ್ತಾರೆ, ಅವರೇ ಗುಂಡು ಎಸೆಯುತ್ತಾರೆ. ಉಳಿದವರು ಬೇವಿನ ಮರದ ಕೆಳಗೆ ಬ್ಯಾಗ್ ಕಾಯುತ್ತಾರೆ. ಕೂಗೋದಕ್ಕೆ ಮಾತ್ರ ಅವರು ಬೇಕು. ಇದಕ್ಕೆ ಸುಮ್ನೆ ಹೌಸ್ ಯಾಕೆ, ಅಲ್ವಾ?

ದೈಹಿಕ ಶಿಕ್ಷಕನಾಗಿ ನಾನು ಎಲ್ಲ ಶಾಲೆಗಳಿಗೂ ಹೇಳುವ ಮಾತು ಎರಡು. ಒಂದು ಮಗುವಿಗೆ ಎರಡು ಸ್ಪರ್ಧೆ, ಒಂದು ರಿಲೇ, ಅಷ್ಟೇ ಮಿತಿ. ಇನ್ನೊಂದು, ಗೆದ್ದವರ ಪಾಯಿಂಟಿನ ಜೊತೆಗೆ ಗೆರೆ ದಾಟಿದವರಿಗೂ ಪಾಯಿಂಟು. ಏಳನೇ ಕ್ಲಾಸಿನ ಲಾಂಗ್ ಜಂಪ್‌ಗೆ ಮರಳಿನ ಮೇಲೆ ಮೂರು ಮೀಟರಿಗೆ ಸುಣ್ಣದ ಪುಡಿಯಿಂದ ಗೆರೆ ಹಾಕಿ. ದಾಟಿದ ಪ್ರತಿಯೊಬ್ಬರಿಂದಲೂ ಹೌಸ್‌ಗೆ ಒಂದು ಪಾಯಿಂಟು. ಹಾರಲು ಎಷ್ಟು ಜನ ಬಂದರೂ ಸರಿ.

ಆಮೇಲೆ ಕ್ಯಾಪ್ಟನ್‌ಗಳನ್ನು ನೋಡಬೇಕು. ಐದು ಜನ ಗೆರೆ ದಾಟಿದರೆ ಒಂದು ಫಸ್ಟ್ ಪ್ರೈಜಿಗೆ ಸಮ ಅನ್ನೋ ಲೆಕ್ಕ ಅವರಿಗೆ ಬೇಗ ಹೊಳೆಯುತ್ತದೆ. ಮರದ ಕೆಳಗಿದ್ದವನನ್ನು ಕೈ ಹಿಡಿದು ಎಳೆದುಕೊಂಡು ಬರುತ್ತಾರೆ. ಅವನು ನಾಚಿಕೊಂಡೇ ಹಾರುತ್ತಾನೆ, ಹಿಮ್ಮಡಿ ಗೆರೆಗಿಂತ ಹಿಂದೆ ಬೀಳುತ್ತದೆ. ಟೇಪ್ ಹಿಡಿದ ಹತ್ತನೇ ಕ್ಲಾಸಿನವನು ಕೂಗುತ್ತಾನೆ: ‘ಲೇ, ಒಂದ್ ಗೇಣು ಕಣೋ, ದೂರದಿಂದ ಓಡಿ ಬಾರೋ!’ ದೊಡ್ಡ ಹುಡುಗರು ಚಿಕ್ಕವರಿಗೆ ಹೀಗೆ ಹೇಳಿಕೊಡುವುದು ನಮ್ಮ ಪೀರಿಯಡ್‌ನಲ್ಲಿ ಆಗುವ ಕೆಲಸವಲ್ಲ.

ಓದಿಗೂ ಇದೇ ಸೂತ್ರ. ಕ್ಲಾಸಿಗೆ ಫಸ್ಟ್ ಬಂದವರಿಗೆ ಹೌಸ್ ಪಾಯಿಂಟು ಬೇಡ, ಅವರಿಗೆ ಹೇಗೂ ಚಪ್ಪಾಳೆ ಸಿಗುತ್ತದೆ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ, ಎಫ್‌ಎ-1ರಲ್ಲಿ ತೆಗೆದದ್ದಕ್ಕಿಂತ ಎಫ್‌ಎ-2ರಲ್ಲಿ ಜಾಸ್ತಿ ಅಂಕ ತೆಗೆದವರಿಗೆ ಕೊಡಿ. ಹೆಸರು ಓದಬೇಡಿ, ಒಟ್ಟು ಮೊತ್ತ ಮಾತ್ರ ಬೋರ್ಡಿಗೆ ಬರಲಿ.

ಮೈನಸ್ ಪಾಯಿಂಟಿಗೆ ನಾನು ಪೂರ್ತಿ ವಿರೋಧಿ. ತಡವಾಗಿ ಬಂದ, ಹೋಂವರ್ಕ್ ಮಾಡಿಲ್ಲ ಅಂತ ಹೌಸ್‌ನಿಂದ ಪಾಯಿಂಟು ಕಳೆದರೆ ಆ ಮಗುವಿನ ಮೇಲೆ ಉಳಿದವರೆಲ್ಲ ಮುಗಿಬೀಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೈಯುವ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟರೆ ಅದು ಶಿಸ್ತು ಆಗುತ್ತದೆಯೇ?

ಮಕ್ಕಳನ್ನು ಹಂಚುವಾಗ ಬರೀ ಚೀಟಿ ಎತ್ತಿದರೆ ಓಡುವವರೆಲ್ಲ ಒಂದೇ ಕಡೆ ಬೀಳಬಹುದು. ಪ್ರತಿ ಕ್ಲಾಸಿನಲ್ಲೂ ಆಟದ ಮಟ್ಟ ನೋಡಿ ಸಾಲು ಮಾಡಿ, ಮೊದಲ ನಾಲ್ವರನ್ನು ಒಂದು, ಎರಡು, ಮೂರು, ನಾಲ್ಕು ಅಂತ ಹಂಚಿ, ಮುಂದಿನ ನಾಲ್ವರನ್ನು ನಾಲ್ಕು, ಮೂರು, ಎರಡು, ಒಂದು ಅಂತ ವಾಪಸ್ ಹಂಚುತ್ತಾ ಬನ್ನಿ. ಅಣ್ಣ-ತಂಗಿ ಒಂದೇ ಹೌಸ್‌ನಲ್ಲಿರಲಿ, ಮನೆಯಲ್ಲಿ ಜಗಳ ಕಡಿಮೆ.

ಹೆಸರಿನ ವಿಷಯದಲ್ಲಿ ಒಂದು ಸಲಹೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಶಿವಾಜಿ, ಟ್ಯಾಗೋರ್, ಅಶೋಕ, ರಾಮನ್ ಅಂತ ಇದೆ, ನಡೆಯುತ್ತಿದೆ. ಆದರೆ ‘ಕೊನೇ ಸ್ಥಾನ ಓಬವ್ವ ಹೌಸ್’ ಅಂತ ಚಿತ್ರದುರ್ಗದಲ್ಲಿ ನಿಂತು ಮೈಕಿನಲ್ಲಿ ಹೇಳಲು ಯಾರಿಗೆ ಬಾಯಿ ಬರುತ್ತದೆ? ವೇದಾವತಿ, ತುಂಗಭದ್ರಾ, ಜೋಗಿಮಟ್ಟಿ, ಚಂದ್ರವಳ್ಳಿ ಅಂತ ಸುತ್ತಲಿನ ನದಿ, ತಾಣಗಳ ಹೆಸರು ಇಟ್ಟರೆ ಸೋತರೂ ಯಾರಿಗೂ ಬೇಸರವಿಲ್ಲ.

ಇನ್ನು ಟಿ-ಶರ್ಟ್. ನಾಲ್ಕು ಬಣ್ಣದ ಟಿ-ಶರ್ಟಿಗೆ ಪೋಷಕರಿಂದ ದುಡ್ಡು ಕೇಳಬೇಡಿ, ಕೊಡಲಾಗದವರ ಮಗು ಆ ದಿನ ಶಾಲೆಗೇ ಬರುವುದಿಲ್ಲ. ದಾವಣಗೆರೆಯ ಚೌಕಿಪೇಟೆಯಲ್ಲಿ ಬಣ್ಣದ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು ಪಟ್ಟಿ ಕತ್ತರಿಸಿ ಹೆಗಲಿಗೆ ಅಡ್ಡ ಕಟ್ಟಿ. ಸಂಜೆ ವಾಪಸ್ ತೆಗೆದುಕೊಂಡು ಒಗೆಸಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ.