ಕೇಸ್ ದಾಖಲೆಯ ಅಂಚಿನಲ್ಲೊಂದು ಪ್ರಶ್ನೆ

ಕ್ಲಿನಿಕಲ್ ಸೈಕಾಲಜಿ ಕಲಿಯುವವರ ಕೇಸ್ ದಾಖಲೆಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಸಾಲು ‘ರೋಗಿ ಸಹಕರಿಸಲಿಲ್ಲ’. ಅದನ್ನು ನಾನು ಹೊಡೆದುಹಾಕುವುದಿಲ್ಲ. ಅಂಚಿನಲ್ಲಿ ‘ಅದಕ್ಕೂ ಮುಂಚೆ ನೀನು ಏನು ಕೇಳಿದೆ?’ ಎಂದು ಬರೆದು ಹಿಂದಿರುಗಿಸುತ್ತೇನೆ. ಎದುರು ಕೂರಿಸಿಕೊಂಡು ಮಾತನಾಡಿದಾಗ ಸಂಗತಿ ಬಿಚ್ಚಿಕೊಳ್ಳುತ್ತದೆ: ಮದುವೆಯಾಗಿ ಹೆಚ್ಚು ದಿನವಾಗದ ಹೆಣ್ಣುಮಗಳು, ಪಕ್ಕದ ಕುರ್ಚಿಯಲ್ಲೇ ಅತ್ತೆ. ನಮೂನೆಯ ಕ್ರಮ ತಪ್ಪಬಾರದೆಂದು ನಮ್ಮ ಹುಡುಗ ಅಲ್ಲಿಯೇ ದಾಂಪತ್ಯದ ಪ್ರಶ್ನೆ ಎತ್ತಿದ್ದಾನೆ. ಆಕೆ ಬಾಯಿ ಮುಚ್ಚಿಕೊಳ್ಳದೆ ಇನ್ನೇನು ಮಾಡಿಯಾಳು? ಹೀಗೆ ಒಂದು ಸಾಲನ್ನು ಹಿಡಿದು ಅರ್ಧ ಗಂಟೆ ಕೂರುವುದರಲ್ಲಿ ಅವನು ಕಲಿಯುವಷ್ಟು ನನ್ನ ಉಪನ್ಯಾಸಗಳಿಂದ ಕಲಿಯಲಾರ.

ತೊಂದರೆ ಇರುವುದು ಆ ಅರ್ಧ ಗಂಟೆಯನ್ನು ಹೊಂದಿಸುವುದರಲ್ಲಿ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಗೈಡ್ ಆಗಬಹುದು. ಮಿತಿ ಇರುವುದು ಒಳ್ಳೆಯದೇ. ಆದರೆ ಎಂ.ಎಸ್ಸಿ. ಪ್ರಾಜೆಕ್ಟುಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಪೆಟ್ಟು ಬೀಳುವುದು ಅವುಗಳಿಗೇ. ಕೊನೆಯ ತಿಂಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಹಾಕಿ, ಗೆಳೆಯರ ಉತ್ತರ ಬಾಚಿಕೊಂಡು ‘ಕರ್ನಾಟಕದ ಯುವಜನರ ಮಾನಸಿಕ ಒತ್ತಡ’ ಎಂದು ಶೀರ್ಷಿಕೆ ಕೊಡುತ್ತಾರೆ. ವಿದ್ಯಾರ್ಥಿಯನ್ನು ಬೈದು ಫಲವಿಲ್ಲ. ಯಾರನ್ನು, ಎಲ್ಲಿ, ಹೇಗೆ ಆರಿಸುತ್ತೀಯ ಎಂದು ಗೈಡ್ ಮೊದಲ ಸೆಮಿಸ್ಟರಿನಲ್ಲೇ ಕೇಳಬೇಕಿತ್ತು. ಇಂಗ್ಲಿಷ್ ಪ್ರಶ್ನಾವಳಿಯನ್ನು ರಾತ್ರೋರಾತ್ರಿ ಕನ್ನಡಕ್ಕೆ ತಂದಾಗಲೂ ಅಷ್ಟೇ: ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡದೆ, ಕೆಲವರ ಮೇಲೆ ಪ್ರಯೋಗಿಸಿ ನೋಡದೆ ಸಹಿ ಹಾಕುವವರೇ ತಪ್ಪಿಗೆ ಹೊಣೆ.

ಇನ್ನೊಂದು ಸಂಗತಿ ನಮ್ಮ ವಿಷಯಕ್ಕೇ ವಿಶೇಷ. ಕೇಸ್ ಚರ್ಚೆಯ ನಡುವೆ ವಿದ್ಯಾರ್ಥಿನಿ ತಡೆದು, ‘ಮೇಡಂ, ಇದು ನಮ್ಮ ಮನೆಯ ಕಥೆಯೇ’ ಎನ್ನುತ್ತಾಳೆ. ಚಿಕಿತ್ಸಕಿಯಾಗಿ ತರಬೇತಾದ ಮನಸ್ಸು ಕೂಡಲೇ ಕೌನ್ಸೆಲಿಂಗ್‌ಗೆ ಇಳಿಯಲು ಹವಣಿಸುತ್ತದೆ. ಇಳಿಯಬಾರದು. ಅವಳಿಗೆ ಅಂಕ ಕೊಡುವವಳು, ನಾಳೆ ಶಿಫಾರಸು ಪತ್ರ ಬರೆಯುವವಳು ನಾನೇ. ನನ್ನ ಮುಂದೆ ಅವಳು ಎಷ್ಟು ಬಿಚ್ಚಿ ಮಾತನಾಡಿಯಾಳು? ಮಾತನಾಡಿದರೂ ಮುಂದಿನ ಮೌಲ್ಯಮಾಪನದಲ್ಲಿ ಅದು ನನ್ನ ತಲೆಯಲ್ಲಿ ಇರುವುದಿಲ್ಲವೆಂದು ಹೇಗೆ ಹೇಳಲಿ? ಕೇಳಿಸಿಕೊಳ್ಳುತ್ತೇನೆ, ನೀರು ಕೊಡುತ್ತೇನೆ, ವಿಭಾಗಕ್ಕೆ ಸಂಬಂಧವಿಲ್ಲದ ಆಪ್ತಸಮಾಲೋಚಕರೊಬ್ಬರ ನಂಬರು ಕೊಡುತ್ತೇನೆ. ಅಪರಾತ್ರಿಯಲ್ಲಿ ಬೇಕಾದೀತೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಬರೆದುಕೊಳ್ಳಲು ಹೇಳುತ್ತೇನೆ. ಅಲ್ಲಿ ಏನು ನಡೆಯಿತೆಂದು ಆಮೇಲೆ ವಿಚಾರಿಸುವುದಿಲ್ಲ. ಆ ಕೇಸನ್ನು ಮುಂದುವರಿಸುತ್ತೀಯೋ, ಬೇರೆಯವರಿಗೆ ವಹಿಸಲೋ ಎಂಬುದನ್ನು ಮಾತ್ರ ಕೇಳುತ್ತೇನೆ. ಅದು ರೋಗಿಯ ಹಿತದ ಮಾತಾದ್ದರಿಂದ, ಅದನ್ನು ಕೇಳದೆ ಬಿಡುವ ಸ್ವಾತಂತ್ರ್ಯ ನನಗಿಲ್ಲ.