ಎಂಜಿನಿಯರಿಂಗ್ ಸೀಟು: ಡೊನೇಶನ್‌ನಿಂದ ಸಿಇಟಿವರೆಗೆ

ಸರ್ ಎಂ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿದ ಹುಡುಗನಿಗೆ ಮೈಸೂರು ಸೀಮೆಯಲ್ಲಿ ಅಂಥ ಕಾಲೇಜೇ ಇರಲಿಲ್ಲ. ಮುಂದೆ ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲೇ ಒಂದು ಶುರುವಾಯಿತು. ಇವತ್ತಿನ ಯುವಿಸಿಇ ಅದೇ. 1946ರಲ್ಲಿ ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ ಬಂದವು. ಮರುವರ್ಷ ಹುಬ್ಬಳ್ಳಿಯ ಬಿವಿಬಿ, 1960ರಲ್ಲಿ ಸುರತ್ಕಲ್‌ನ ಕೆಆರ್‌ಇಸಿ (ಈಗಿನ ಎನ್‌ಐಟಿಕೆ).

ಆಮೇಲೆ ಖಾಸಗಿ ಕಾಲೇಜುಗಳು ಊರೂರಲ್ಲೂ ಎದ್ದವು. ಸೀಟು ಜಾಸ್ತಿಯಾಯಿತು, ಜೊತೆಗೆ ಡೊನೇಶನ್ ಕೂಡ. ಉತ್ತರ ಭಾರತದ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಕರ್ನಾಟಕಕ್ಕೆ ಬರುತ್ತಿದ್ದ ಕಾಲ ಅದು. ಸರ್ಕಾರ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ, ಅಂದರೆ ಈ ಡೊನೇಶನ್, ನಿಷೇಧಿಸಿ ಕಾಯ್ದೆ ತಂದಿತು. ಆದರೂ ಹೊರರಾಜ್ಯದವರಿಗೆ ಬೇರೆ ಶುಲ್ಕ, ನಮ್ಮವರಿಗೆ ಬೇರೆ ಶುಲ್ಕ ಎಂಬ ಪದ್ಧತಿ ಉಳಿಯಿತು.

ಅದನ್ನು ಅಲ್ಲಾಡಿಸಿದ್ದು ಒಂದು ಮೆಡಿಕಲ್ ಸೀಟಿನ ಕೇಸು. ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಸೀಟು ಕೇಳಿದ್ದರು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರಗಿನವರಿಗೆ 60,000. ಇಂಥ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜಿನ ಅರ್ಧ ಸೀಟು ಸರ್ಕಾರಿ ಶುಲ್ಕದ ‘ಫ್ರೀ’, ಇನ್ನರ್ಧ ಹೆಚ್ಚು ಶುಲ್ಕದ ‘ಪೇಮೆಂಟ್’ ಎಂದು ಹಂಚಿತು. ಎರಡನ್ನೂ ಮೆರಿಟ್ ಮೇಲೇ ಕೊಡಬೇಕಿತ್ತು.

ಇದನ್ನು ನಡೆಸಲು 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಸೆಲ್ ಹುಟ್ಟಿತು. ಈಗಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ (ಕೆಇಎ) ಮೂಲ ಅದೇ. ಈ ಇಡೀ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಕಾಲದ ಕೌನ್ಸೆಲಿಂಗ್. ದೂರದೂರಿನ ಮಕ್ಕಳು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬರುತ್ತಿದ್ದರು. ಕೈಯಲ್ಲಿ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಬ್ಯಾಂಕ್ ಡಿಡಿ. ಯಾವ ಕಾಲೇಜಿನಲ್ಲಿ ಯಾವ ಬ್ರಾಂಚ್ ಎಷ್ಟು ಉಳಿದಿದೆ ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ರ‍್ಯಾಂಕ್ ಪ್ರಕಾರ ಕರೆದಾಗ ಹೋಗಿ ಸೀಟು ಆರಿಸಿಕೊಳ್ಳಬೇಕು. ಶಿಫಾರಸು ಮಾಡುವವರ ಮನೆ ಬಾಗಿಲು ಕಾಯಬೇಕಿರಲಿಲ್ಲ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಕೋಟಾ ಇವತ್ತಿಗೂ ಇವೆ. ಎಷ್ಟೋ ಮನೆಗಳ ಮೊದಲ ಎಂಜಿನಿಯರ್ ಈ ದಾರಿಯಲ್ಲೇ ಬಂದವರು, ಅಲ್ವಾ?

ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ಹಂಚಿಕೆಯನ್ನು ತೆಗೆದುಹಾಕಿತು. ಖಾಸಗಿ ಕಾಲೇಜುಗಳಿಗೆ ತಮ್ಮ ಪ್ರವೇಶದ ಮೇಲೆ ಹಿಡಿತ ಮರಳಿ ಸಿಕ್ಕಿತು. ಅವುಗಳ ಪ್ರತ್ಯೇಕ ಪರೀಕ್ಷೆಯಾಗಿ ಕಾಮೆಡ್‌ಕೆ ಬಂತು. ಈಗ ಸಾಮಾನ್ಯವಾಗಿ ಖಾಸಗಿ ಕಾಲೇಜಿನ ಶೇ 45ರಷ್ಟು ಸೀಟು ಸಿಇಟಿಗೆ, ಶೇ 30 ಕಾಮೆಡ್‌ಕೆಗೆ, ಉಳಿದ ಶೇ 25 ಮ್ಯಾನೇಜ್‌ಮೆಂಟ್‌ಗೆ. ಇವುಗಳ ಜೊತೆಗೆ ಸದ್ದಿಲ್ಲದ ದಾರಿ ಇನ್ನೊಂದಿದೆ: ಎಸ್‌ಎಸ್‌ಎಲ್‌ಸಿ ಆದಮೇಲೆ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಬೇಗ ಕೆಲಸ ಹಿಡಿಯಬೇಕಾದ ಮನೆಯ ಮಕ್ಕಳಿಗೆ ಇದನ್ನು ಮೇಷ್ಟ್ರುಗಳು ಇನ್ನೂ ಜೋರಾಗಿ ಹೇಳಬೇಕು.

ಸೀಟು ಆರಿಸುವ ಕೆಲಸ ಈಗ ಆನ್‌ಲೈನ್. ಮನೆಯಲ್ಲೋ ಸೈಬರ್ ಸೆಂಟರ್‌ನಲ್ಲೋ ಕೂತು ಬೇಕಾದ ಕಾಲೇಜು, ಬ್ರಾಂಚ್‌ಗಳ ಆಪ್ಷನ್ ಎಂಟ್ರಿ ಮಾಡಿದರೆ ಸಾಕು. ಬಸ್ ಖರ್ಚು ಉಳಿಯಿತು, ಒಳ್ಳೆಯದೇ. ಆದರೆ ಆರಿಸುತ್ತಿರುವವರು ಯಾರು ಅನ್ನುವುದು ಕಣ್ಣಿಗೆ ಕಾಣದಂತಾಯಿತು. 2024ರಲ್ಲಿ ಸೀಟ್ ಬ್ಲಾಕಿಂಗ್ ಬಗ್ಗೆ ಕೆಇಎ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಇದರ ಲೆಕ್ಕ ಸರಳ. ಸೇರುವ ಉದ್ದೇಶವೇ ಇಲ್ಲದವರ ಹೆಸರಿನಲ್ಲಿ ಬೇಡಿಕೆಯ ಸೀಟು ಹಿಡಿದಿಡುತ್ತಾರೆ. ಕೊನೇ ಸುತ್ತು ಮುಗಿದರೂ ಯಾರೂ ಸೇರುವುದಿಲ್ಲ. ಖಾಲಿ ಉಳಿದ ಸೀಟು ಕಾಲೇಜಿಗೆ ವಾಪಸ್ ಹೋಗಿ ಮ್ಯಾನೇಜ್‌ಮೆಂಟ್ ದರಕ್ಕೆ ಮಾರಾಟವಾಗುತ್ತದೆ. ರ‍್ಯಾಂಕ್ ಪಟ್ಟಿಯಲ್ಲಿ ಅದರ ಮುಂದಿನ ಸರದಿಯಲ್ಲಿದ್ದ ಹುಡುಗಿ ಅಷ್ಟರಲ್ಲಿ ಬೇರೆ ಬ್ರಾಂಚಿಗೆ ಫೀಸು ಕಟ್ಟಿ ಸೇರಿರುತ್ತಾಳೆ.